ತೊಳೆದ ಬಟ್ಟೆಯ ಮೇಲಿನ ಕಪ್ಪು ಪುಡಿ: ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಮಸಿಯೇ?

ಕೋಡಿಬಾಗದವ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ, ಹೆದ್ದಾರಿಯಿಂದ ಕೂಗಳತೆ ದೂರ. ದೀಪಾವಳಿ ಮುಗಿಯಿತೆಂದರೆ ಕಪ್ಪು ಪುಡಿಯ ಕಾಟ ಶುರು. ಒಣಹಾಕಿದ ಬಿಳಿ ಪಂಚೆ, ನೀರಿನ ಟ್ಯಾಂಕಿನ ಮುಚ್ಚಳ, ಸೋಲಾರ್ ಫಲಕ, ಯಾವುದನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇರುವುದಿಲ್ಲ.

ಪಕ್ಕದ ಮನೆಯವರು ಬೈತಖೋಲ ಬಂದರಿನ ಮೀನುಗಾರಿಕೆ ಬೋಟುಗಳ ಹೊಗೆ ಎನ್ನುತ್ತಾರೆ. ನಮ್ಮ ಮನೆಯವರು ಹೆದ್ದಾರಿಯ ಲಾರಿಗಳನ್ನು ಬೈಯುತ್ತಾರೆ. ಅಪ್ಪನ ಪ್ರಕಾರ ಇನ್ನೂ ಕಬ್ಬಿಣದ ಅದಿರಿನ ಧೂಳೇ. ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ ಚಿತ್ರ ಬರೆದುಕೊಂಡು ಬಂದಿದ್ದಾಳೆ. ಟ್ಯಾಂಕಿನ ಮುಚ್ಚಳದ ಪುಡಿಯಲ್ಲಿ ಕವಲೊಡೆದ ಕಡುಕಂದು ಎಳೆಗಳು, ಎಳೆಯ ಉದ್ದಕ್ಕೂ ಅಡ್ಡಗೆರೆಗಳು. ಸೋಲಾರ್ ಫಲಕದ ಪುಡಿಯಲ್ಲಿ ಎಳೆಯೇ ಇಲ್ಲ. ಕಪ್ಪು ಉಂಡೆಗಳು, ಉದ್ದುದ್ದ ಚೂರುಗಳು, ನಡುವೆ ಕೆಂಪು ಹರಳುಗಳು.

ಮಸಿಯ ಕಣಗಳು ಸರಪಳಿಯಾಗಿ ಕೂಡಿಕೊಂಡಿರುತ್ತವೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ಆ ಎಳೆಗಳು ಮಸಿಯೇ? ನಗರಸಭೆಗೆ ಅರ್ಜಿ ಕೊಡಬೇಕೆಂದಿದ್ದೇನೆ. ಯಾರ ಮೇಲೆ ಕೊಡಬೇಕೆಂದು ಮೊದಲು ಗೊತ್ತಾಗಬೇಕಲ್ಲ.

ಕರಿಈಶಾಡು

ಯಾರ ಮೇಲಾದರೂ ಕೊಡಿ. ಉತ್ತರ ಬರುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ.

ಬೇಲೆಕೇರಿ ದಂಡೆ

ಕೆಂಪು ಹರಳು ಎಂದಮೇಲೆ ಇನ್ನೇನು ಚರ್ಚೆ? ಅದಿರು. 2010ರಲ್ಲಿ ಸರ್ಕಾರ ರಫ್ತು ನಿಲ್ಲಿಸುವವರೆಗೆ ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲು ಹೇಗಿತ್ತೆಂದು ಕಂಡವರಿಗೆ ಗೊತ್ತು. ರಸ್ತೆ ಬದಿಯ ಮರಗಳಿಗೆ ಹಸಿರು ಬಣ್ಣವೇ ಮರೆತುಹೋಗಿತ್ತು. ಆ ಧೂಳು ಎಲ್ಲಿಗೆ ಹೋಗುತ್ತದೆ? ಅಯಸ್ಕಾಂತ ಹಿಡಿದು ನೋಡಿ, ಎದ್ದು ಬರುತ್ತದೆ.

ಕುಮಟೆ ಮೇಷ್ಟ್ರು

ಅಯಸ್ಕಾಂತದ ಮಾತು ಕೇಳಬೇಡಿ. ಬಳ್ಳಾರಿ ಕಡೆಯ ಅದಿರು ಬಹುಪಾಲು ಹೆಮಟೈಟ್, ಅದು ಮನೆಯಲ್ಲಿರುವ ಅಯಸ್ಕಾಂತಕ್ಕೆ ಜಗ್ಗುವುದೇ ಇಲ್ಲ ಎನ್ನಬಹುದು. ಅಂಟುವುದು ಮ್ಯಾಗ್ನೆಟೈಟ್ ಎಂಬ ಇನ್ನೊಂದು ಬಗೆಯ ಅದಿರು, ಅಥವಾ ಬ್ರೇಕಿನಿಂದ ಸವೆದ ಕಬ್ಬಿಣದ ಪುಡಿ. ಅದೂ ಅಲ್ಲದೆ ನಮ್ಮ ಕರಾವಳಿಯ ಚಿರೇಕಲ್ಲಿನ ಮಣ್ಣಿಗೆ ಕೆಂಪು ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಕೆಂಪು ಕಂಡಲ್ಲೆಲ್ಲ ಅದಿರೆಂದರೆ ನಿಮ್ಮ ಮನೆಯ ಗೋಡೆಯ ಮೇಲೂ ಮೊಕದ್ದಮೆ ಹೂಡಬೇಕಾದೀತು.

ಇನ್ನು ಎಳೆಯ ವಿಚಾರ. ಬೆಳಕಿನಿಂದ ನೋಡುವ ಸೂಕ್ಷ್ಮದರ್ಶಕ ಎಷ್ಟೇ ದುಬಾರಿಯದಾಗಿರಲಿ, ಸುಮಾರು 200 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಬೆಳಕಿನ ಅಲೆಯ ಉದ್ದವೇ ಅಡ್ಡ ಬರುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದಾರೆ. ಮಸಿಯ ಸರಪಳಿಯ ಒಂದೊಂದು ಮಣಿ 10ರಿಂದ 50 ನ್ಯಾನೋಮೀಟರ್. ಆದ್ದರಿಂದ ಕಾಲೇಜಿನ ಉಪಕರಣದಲ್ಲಿ ಯಾರಿಗಾದರೂ ಮಸಿಯ ಸರಪಳಿ ಕಂಡಿದ್ದರೆ ಅದು ಸರಪಳಿಯಲ್ಲ. ಎಳೆ ಬೇರೆ ಯಾವುದೋ.

ಸಂಜೆಕಡಲು

ಮೇಷ್ಟ್ರೇ, ನಾನು ನೋಡಿದ ವಿಡಿಯೋದಲ್ಲಿ ಡೀಸೆಲ್ ಮಸಿಯ ಸರಪಳಿ ಕಣ್ಣಿಗೆ ಕಟ್ಟುವ ಹಾಗೆ ಇತ್ತು. ಕವಲೂ ಇತ್ತು. ಮಗು ಬರೆದ ಚಿತ್ರಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಪುಸ್ತಕದ ಲೆಕ್ಕ ಹೇಳಿ ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನುವುದು ಯಾವ ನ್ಯಾಯ?

ಗಾಳಿಪಟ

ಊರು ಹೊನ್ನಾವರ, ಹೊಟ್ಟೆಪಾಡು ಬೆಂಗಳೂರಿನಲ್ಲಿ. ಗಾಳಿಯಲ್ಲಿನ ಕಣಗಳನ್ನು ಅಳೆಯುವುದೇ ಕೆಲಸವಾದ್ದರಿಂದ ಬಾಯಿ ಹಾಕುತ್ತಿದ್ದೇನೆ.

ಸಂಜೆಕಡಲು ಅವರೇ, ನೀವು ನೋಡಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ. ಅದರ ಮೂಲೆಯಲ್ಲಿ ಒಂದು ಅಳತೆಗೆರೆ ಇರುತ್ತದೆ, ಪಕ್ಕದಲ್ಲಿ 100 ಅಥವಾ 200 ನ್ಯಾನೋಮೀಟರ್ ಎಂದು ಬರೆದಿರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಆಕಾರ ಒಂದೇ ಆದರೂ ಅಳತೆಯಲ್ಲಿ ನೂರಾರು ಪಟ್ಟು ಅಂತರವಿದೆ.

ಮಸಿ ಹುಟ್ಟುವುದು ಹೇಗೆಂದು ನೋಡಬೇಕಿದ್ದರೆ ಚಿಮಣಿ ಬುಡ್ಡಿಯ ಜ್ವಾಲೆ ಸಾಕು. ಬತ್ತಿಯ ಹತ್ತಿರ ಎಣ್ಣೆಯ ಆವಿ ಇದೆ, ಕಾವು ಇದೆ, ಆಮ್ಲಜನಕ ಮಾತ್ರ ಸಾಲದು. ಆವಿಯ ಅಣುಗಳು ಮುರಿದು ಅಸಿಟಿಲೀನ್‌ನಂತಹ ಚಿಕ್ಕ ತುಣುಕುಗಳಾಗುತ್ತವೆ. ತುಣುಕುಗಳು ಕೂಡಿ ಬೆಂಜೀನಿನ ಉಂಗುರ, ಉಂಗುರಕ್ಕೆ ಉಂಗುರ ಸೇರಿ ಚಪ್ಪಟೆ ಹಾಳೆ, ಹಾಳೆಗಳು ಒಂದರ ಮೇಲೊಂದು ಕೂತು ಒಂದೆರಡು ನ್ಯಾನೋಮೀಟರಿನ ಬೀಜ. ಬೀಜದ ಮೇಲೆ ಇನ್ನಷ್ಟು ಇಂಗಾಲ ಹತ್ತಿ 20, 30 ನ್ಯಾನೋಮೀಟರಿನ ಗೋಳ. ಇಷ್ಟೆಲ್ಲ ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ. ಜ್ವಾಲೆ ಹಳದಿಯಾಗಿ ಕಾಣುವುದು ಈ ಗೋಳಗಳೇ ಕಾದು ಬೆಳಗುವುದರಿಂದ. ಜ್ವಾಲೆಯ ತುದಿ ತಲುಪುವಷ್ಟರಲ್ಲಿ ಆಮ್ಲಜನಕ ಸಿಕ್ಕರೆ ಉರಿದುಹೋದವು, ಸಿಗದಿದ್ದರೆ ಹೊಗೆಯಾಗಿ ಹೊರಬಿದ್ದವು.

ಒಂದು ಗೋಳದ ಒಳಗೆ ಇಂಗಾಲದ ಹಾಳೆಗಳು ಸುತ್ತುಸುತ್ತಾಗಿರುತ್ತವೆ. ಹಾಳೆಯಿಂದ ಹಾಳೆಗೆ ಅಂತರ ಸುಮಾರು 0.35 ನ್ಯಾನೋಮೀಟರ್, ಪೆನ್ಸಿಲಿನ ಗ್ರಾಫೈಟಿನಲ್ಲಿ 0.335. ಅಂದರೆ ಜಾತಿಯಲ್ಲಿ ಗ್ರಾಫೈಟೇ, ಆದರೆ ಶಿಸ್ತಿಲ್ಲದ್ದು. ಹಾಳೆಗಳು ತುಂಡುತುಂಡು, ಬಾಗಿದವು, ಒಂದರ ಅಂಚು ಇನ್ನೊಂದಕ್ಕೆ ಹೊಂದುವುದಿಲ್ಲ. ನಟ್ಟನಡುವೆ ಸುತ್ತುಗಳೂ ಇಲ್ಲ, ಪೂರ್ತಿ ಅಸ್ತವ್ಯಸ್ತ.

ಈ ಗೋಳಗಳು ಗಾಳಿಯ ಅಣುಗಳ ಏಟು ತಿನ್ನುತ್ತ ಅಲೆದಾಡಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ತಾಗಿದಲ್ಲೇ ಅಂಟಿಬಿಡುತ್ತವೆ. ಸರಿದು ಒಳಗೆ ಜಾಗ ಮಾಡಿಕೊಂಡು ಕೂರುವ ವ್ಯವಧಾನ ಅವಕ್ಕಿಲ್ಲ. ಗುಂಪಿಗೆ ಗುಂಪು ಹೀಗೆಯೇ ಅಂಟುತ್ತ ಹೋದರೆ ನಡುವೆಲ್ಲ ಟೊಳ್ಳು. ಗಟ್ಟಿ ಉಂಡೆಯ ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಮಸಿಯ ಗೊಂಚಲು ಎರಡು ಪಟ್ಟು ಬೆಳೆದರೆ ತೂಕ ಮೂರೂವರೆ ಪಟ್ಟು ಮಾತ್ರ. ಫ್ರ್ಯಾಕ್ಟಲ್ ಆಯಾಮ ಸುಮಾರು 1.8 ಎಂದು ನಮ್ಮವರು ಬರೆಯುವುದು ಇದನ್ನೇ. ಇಡೀ ಗೊಂಚಲೇ ಸಾಮಾನ್ಯವಾಗಿ ಒಂದು ಮೈಕ್ರಾನಿನೊಳಗೆ, ಅಂದರೆ ಸಾವಿರ ನ್ಯಾನೋಮೀಟರಿನೊಳಗೆ, ಮುಗಿಯುತ್ತದೆ. ಮಗಳು ಕಂಡ ಎಳೆಯ ದಪ್ಪವೇ ಅದಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಎಳೆಯ ಅಡ್ಡಗೆರೆಗಳು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಹಾಳೆಟೊಪ್ಪಿ

ಬಳ್ಳಿಯಲ್ಲಿ ಜೋತ ಕಾಳುಮೆಣಸಿನ ಗೊಂಚಲುಗಳು ಗಾಳಿಗೆ ಒಂದಕ್ಕೊಂದು ಸಿಕ್ಕಿಕೊಂಡ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ತಪ್ಪಿದ್ದರೆ ತಿದ್ದಿ.

ಕೋಡಿಬಾಗದ ಅಣ್ಣನಿಗೆ ಒಂದು ಪ್ರಶ್ನೆ. ಟ್ಯಾಂಕಿನ ಮೇಲೆ ತೆಂಗಿನ ಮರ ಬಾಗಿದೆಯೇ? ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿಗಳು, ಮೇಲ್ಭಾಗ ಕಪ್ಪು?

ಕೋಡಿಬಾಗದವ

ಎರಡು ಮರ ಇವೆ ಅಕ್ಕ. ಒಂದರ ಗರಿ ಟ್ಯಾಂಕಿಗೆ ತಾಗುತ್ತದೆ. ಬಿಳಿ ಸುರುಳಿ ಹೌದು, ಯಥೇಚ್ಛವಾಗಿ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಾಳೆಟೊಪ್ಪಿ

ಅದೇ ಸಂಬಂಧ. ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡದ್ದು, ಈಗ ನಮ್ಮ ಕರಾವಳಿಯ ತೆಂಗಿನಲ್ಲೂ ಮನೆ ಮಾಡಿದೆ. ನೊಣ ಗರಿಯ ರಸ ಹೀರಿ ಸಿಹಿಯಾದ ಅಂಟನ್ನು ಕೆಳಗೆ ಸುರಿಸುತ್ತದೆ. ಅಂಟು ಬಿದ್ದಲ್ಲೆಲ್ಲ, ಎಲೆಯೋ ಟ್ಯಾಂಕಿನ ಮುಚ್ಚಳವೋ ಸ್ಕೂಟರಿನ ಸೀಟೋ ನೋಡದೆ, ಕಪ್ಪು ಬೂಷ್ಟು ಬೆಳೆಯುತ್ತದೆ. ಮಾವಿನ ಜಿಗಿಹುಳು ಬಂದಾಗಲೂ ಇದೇ ಕಥೆ. ಕವಲೊಡೆದ ಎಳೆ, ಎಳೆಯಲ್ಲಿ ಅಡ್ಡಗೆರೆ ಎಂದರೆ ಬೂಷ್ಟಿನ ತಂತುಗಳು. ಒಣಗಿದಾಗ ಉಗುರು ಹಾಕಿ ಎತ್ತಿ ನೋಡಿ, ಕಾಗದದಂತೆ ಪದರವಾಗಿ ಏಳುತ್ತದೆ. ಹೊಗೆಯ ಮಸಿ ಹಾಗೆ ಏಳುವುದಿಲ್ಲ, ಬೆರಳಿಗೆ ಹತ್ತುತ್ತದೆ. ಮಳೆ ಹೊಡೆದರೆ ನೊಣವೂ ಕಡಿಮೆ, ಬೂಷ್ಟೂ ತೊಳೆದುಹೋಗುತ್ತದೆ. ನಿಮ್ಮ ದೀಪಾವಳಿ ಲೆಕ್ಕಕ್ಕೆ ಅದೂ ಹೊಂದುತ್ತದೆ.

ಲೀಟರ್ ನೀರಿಗೆ 10 ಗ್ರಾಂ ಗಂಜಿಪುಡಿ ಕದಡಿ ಸಿಂಪಡಿಸಿದರೆ ಒಣಗಿದ ಮೇಲೆ ಬೂಷ್ಟು ಹಕ್ಕಳೆಯಾಗಿ ಉದುರುತ್ತದೆ. ಔಷಧಿ ಹೊಡೆಯಬೇಡಿ, ಬಿಳಿನೊಣವನ್ನು ತಿನ್ನುವ ಹುಳುಗಳೂ ಸತ್ತು ಕೆಲಸ ಕೆಡುತ್ತದೆ.

ಕರಿಈಶಾಡು

ನಗರಸಭೆಯ ಬದಲು ತೆಂಗಿನ ಮರದ ಮೇಲೆ ಅರ್ಜಿ ಕೊಡಿ.

ಬೇಲೆಕೇರಿ ದಂಡೆ

ಟ್ಯಾಂಕಿನದು ಬೂಷ್ಟಾದರೂ ಆಗಲಿ. ಸೋಲಾರ್ ಫಲಕದ ಕೆಂಪು ಹರಳಿಗೆ ಯಾವ ನೊಣ ಕಾರಣ?

ಕುಮಟೆ ಮೇಷ್ಟ್ರು

ಅದಕ್ಕೊಂದು ಪರೀಕ್ಷೆ ಇದೆ. ಹಳೆಯ ಸ್ಟೀಲ್ ಚಮಚದಲ್ಲಿ ಫಲಕದ ಪುಡಿ ಒಂದು ಚಿಟಿಕೆ ಹಾಕಿ ಗ್ಯಾಸ್ ಒಲೆಯ ನೀಲಿ ಉರಿಯ ಮೇಲೆ ಹಿಡಿಯಿರಿ. ಚಮಚವನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಕಿಟಕಿ ತೆರೆದಿರಲಿ. ಚಮಚ ಕೆಂಪಗೆ ಕಾದು ಒಂದಷ್ಟು ಹೊತ್ತಾದ ಮೇಲೂ ಉಳಿದದ್ದು ಮಣ್ಣು, ಕಲ್ಲು. ಇಲ್ಲವಾದದ್ದು ಇಂಗಾಲದ ಬಾಬತ್ತು. ರಬ್ಬರ್ ಇದ್ದರೆ ಮೂಗೇ ಹೇಳುತ್ತದೆ.

ಕೋಡಿಬಾಗದವ

ಮಾಡಿ ನೋಡಿದೆ. ಟ್ಯಾಂಕಿನದು ಅಕ್ಕ ಹೇಳಿದ ಹಾಗೆಯೇ ಕಾಗದದಂತೆ ಎದ್ದು ಬಂತು. ಫಲಕದ ಪುಡಿ ಕಾಯುವಾಗ ಟಯರ್ ಸುಟ್ಟ ವಾಸನೆ, ಕೊನೆಗೆ ಅರ್ಧಕ್ಕಿಂತ ಹೆಚ್ಚು ಉಳಿಯಿತು, ಇಟ್ಟಿಗೆಯ ಬಣ್ಣ. ಮನೆಯವರು ಚಮಚದ ಲೆಕ್ಕ ಕೇಳುತ್ತಿದ್ದಾರೆ. ಹಾಗಾದರೆ ಮಸಿ ಎಲ್ಲಿ ಹೋಯಿತು?

ಗಾಳಿಪಟ

ಉದ್ದುದ್ದ ಚೂರುಗಳು ಟಯರ್ ಸವೆದದ್ದು. ರಸ್ತೆಗೆ ಉಜ್ಜಿಕೊಂಡು ಹೊಸೆದು ಬರುವುದರಿಂದ ಆ ಆಕಾರ, ಕೂದಲಿನ ದಪ್ಪದಷ್ಟು ಇರುವುದರಿಂದ ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಸಿಗುತ್ತದೆ. ತಮಾಷೆಯೆಂದರೆ ಟಯರಿನ ಕಪ್ಪು ಕೂಡ ಮಸಿಯೇ. ಕಾರ್ಖಾನೆಯಲ್ಲಿ ಎಣ್ಣೆಯನ್ನು ಬೇಕೆಂದೇ ಅರೆಬರೆ ಸುಟ್ಟು ತಯಾರಿಸಿದ ಕಾರ್ಬನ್ ಬ್ಲ್ಯಾಕ್, ಟಯರಿನ ಮೇಲ್ಪದರದ ತೂಕದಲ್ಲಿ ಕಾಲು ಪಾಲಿನಷ್ಟು ಇರುತ್ತದೆ.

ಹೊಗೆಯ ಮಸಿ ಎಲ್ಲಿ ಹೋಯಿತೆಂದರೆ, ಎಲ್ಲೂ ಕೂರಲಿಲ್ಲ. 100 ನ್ಯಾನೋಮೀಟರಿನ ಕಣ ಗಾಳಿಯಾಡದ ಕೋಣೆಯಲ್ಲಿ ಇಡೀ ದಿನಕ್ಕೆ ಏಳೆಂಟು ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ತೆರೆದ ತಾರಸಿಯಲ್ಲಿ ಕಡಲಗಾಳಿ ಬೀಸುವಾಗ ಅದು ನಿಮ್ಮ ಪಂಚೆಯ ಮೇಲೆ ಬಂದು ಕೂರಲಿ ಎಂದು ಕಾಯುವುದು ವ್ಯರ್ಥ. ಪಂಚೆಯ ಮೇಲೆ ಕಾಣುವುದು ರಸ್ತೆಯ ಧೂಳು, ಟಯರಿನ ಚೂರು, ಸೈಲೆನ್ಸರಿನ ಒಳಗೋಡೆಯಲ್ಲಿ ಹೆಪ್ಪುಗಟ್ಟಿ ಉದುರಿದ ಮಸಿಯ ಹೆಂಟೆ. ಬಿಡಿ ಮಸಿ ಗಾಳಿಯಲ್ಲೇ ಸುಮಾರು ಒಂದು ವಾರ ತಿರುಗಾಡಿ, ಬಹುಮಟ್ಟಿಗೆ ಮಳೆಹನಿಯ ಜೊತೆಗೆ ಇಳಿಯುತ್ತದೆ.

ಬೈತಖೋಲ ಎಂಜಿನ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಮೊದಲ ಸಾಲಿನಲ್ಲೇ ಬೋಟಿನ ಮೇಲೆ ಗೂಬೆ ಕೂರಿಸಿದವರು ಈಗ ಟಯರ್, ನೊಣ, ಚಿರೇಕಲ್ಲು ಎನ್ನುತ್ತಿದ್ದಾರೆ. ಸಂತೋಷ. ಬೋಟಿನ ಎಂಜಿನ್ ರಿಪೇರಿ ನನ್ನ ಕಸುಬು, ಎರಡು ಮಾತು ಹೇಳುತ್ತೇನೆ.

ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಸವೆದಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಅಥವಾ ನೀರು ಒಳಗೆ ಸೇರಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ನಾಜಲ್ ಹಳೆಯದಾದರೆ ಡೀಸೆಲ್ ಮಂಜಾಗಿ ಸಿಡಿಯುವ ಬದಲು ತೊಟ್ಟಿಕ್ಕುತ್ತದೆ. ದಪ್ಪ ಹನಿಯ ಹೊರಮೈ ಉರಿದು ಒಳಗಿನದು ಕಪ್ಪಾಗುತ್ತದೆ. ಬಲೆ ತುಂಬಿ ಎಳೆಯುವಾಗ ಒಳ್ಳೆಯ ಎಂಜಿನ್ನೂ ಕಪ್ಪು ಬಿಡುತ್ತದೆ. ನಾಜಲ್ ಬದಲಿಸಿ, ಪಂಪ್ ಕ್ಯಾಲಿಬ್ರೇಷನ್ ಮಾಡಿಸಿದರೆ ಹೊಗೆಯೂ ಇಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಮಾಲೀಕರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಸಂಜೆಕಡಲು

ಒಂದು ವಿಷಯ ಯಾರೂ ಗಮನಿಸಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಬೋಟು ಕಡಲಿಗಿಳಿಯುವ ಹಾಗಿಲ್ಲ. ಅದೇ ಕಾಲದಲ್ಲಿ ಕಪ್ಪು ಪುಡಿಯೂ ಇಲ್ಲ ಎಂದು ಮೂಲ ಬರಹದಲ್ಲೇ ಇದೆ. ಲೆಕ್ಕ ಸರಿಹೋಯಿತಲ್ಲ.

ಬೈತಖೋಲ ಎಂಜಿನ್

ಅದೇ 61 ದಿನ ಮಳೆಯೂ ಸುರಿಯುತ್ತದೆ ಮಾರಾಯರೇ. ಮಳೆಯಲ್ಲಿ ಯಾರ ಮನೆಯ ತಾರಸಿಯಲ್ಲಿ ಪಂಚೆ ಒಣಗುತ್ತದೆ?

ಯಲ್ಲಾಪುರದ ಮಾವ

ಬೋಟಿನವರದ್ದು ತಪ್ಪಿಲ್ಲವೆಂದು ಯಾರೂ ಹೇಳಿಲ್ಲ. ಘಟ್ಟದ ಮೇಲೆ ನಮ್ಮ ಗಾಳಿ ಚೊಕ್ಕಟ. ಕೆಳಗಿನವರು ಡೀಸೆಲ್ ಸುಟ್ಟು ಸಮುದ್ರದ ಗಾಳಿಯ ಜೊತೆ ಮಧ್ಯಾಹ್ನ ನಮಗೆ ಕಳುಹಿಸುತ್ತಾರೆ, ಅಷ್ಟೇ.

ಬೈತಖೋಲ ಎಂಜಿನ್

ಇದ್ದಿಲು ಮಸಿಗೆ ಬುದ್ಧಿ ಹೇಳಿತಂತೆ. ಅಡಿಕೆ ಬೇಯಿಸುವ ಹಂಡೆಯ ಒಲೆ, ಬಚ್ಚಲ ಒಲೆ, ಆಲೆಮನೆಯ ಒಲೆ, ತೋಟದ ದರಕು ಸುಡುವುದು, ಇವೆಲ್ಲ ಏನು, ಧೂಪವೇ? ರಾತ್ರಿ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಬೆಳಗಿನ ಜಾವ ಕಡಲಿಗೆ ಹೊರಟವರ ಮೂಗಿಗೆ ನಿಮ್ಮ ಹೊಗೆಯ ವಾಸನೆ ಬಡಿಯುತ್ತದೆ ಮಾವ.

ಹಾಳೆಟೊಪ್ಪಿ

ಮಾವನ ಪರವಾಗಿ ನಾನು ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಕೊಟ್ಟಿಗೆ ಇದ್ದ ಮನೆಗೆಲ್ಲ ಗೋಬರ್ ಗ್ಯಾಸ್ ಬಂದು ತಲೆಮಾರು ಕಳೆಯಿತು. ಅದರ ಉರಿ ನೀಲಿ, ಪಾತ್ರೆಯ ತಳ ಕಪ್ಪಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆಯೂ ಬಂದಿತ್ತು. ಆದರೆ ಬಚ್ಚಲ ಒಲೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳಬೇಕು, ಒಪ್ಪಿದೆ. ಹಸಿ ಅಡಿಕೆಸಿಪ್ಪೆ ಹಾಕಿದರೆ ಉರಿಗಿಂತ ಹೊಗೆಯೇ ಹೆಚ್ಚು. ಗಾಳಿಪಟ ಅವರೇ, ಬಚ್ಚಲ ಒಲೆಯ ಹೊಗೆ ಬಿಳಿ, ಅದು ಗೋಡೆಗೆ ಹತ್ತಿದ ಜಿಡ್ಡು ಮಾತ್ರ ಕಂದುಗಪ್ಪು. ಹೀಗೇಕೆ?

ಗಾಳಿಪಟ

ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಜಾಗ ಬೇಕು. ಸೌದೆ ಭಗಭಗ ಉರಿದಾಗ ಜ್ವಾಲೆಯಿಂದ ಹುಟ್ಟುವುದು ಮೇಲೆ ಹೇಳಿದ ಗೊಂಚಲು ಮಸಿ. ಉರಿಯದೆ ಕುಮುಲುವಾಗ ಅದು ಹುಟ್ಟುವುದಿಲ್ಲ. ಕಟ್ಟಿಗೆಯೊಳಗಿನ ಟಾರು ಆವಿಯಾಗಿ ಹೊರಬಂದು ತಣ್ಣಗಾಗುತ್ತ ಹನಿಗಟ್ಟುತ್ತದೆ. ಹನಿಗಳು ಬೆಳಕನ್ನು ಚದುರಿಸುವುದರಿಂದ ಹೊಗೆ ಬಿಳಿಯಾಗಿ ಕಾಣುತ್ತದೆ. ಗಾಳಿಯಲ್ಲಿ ಕೆಲವು ಗಂಟೆ ಕಳೆದರೆ ಕೆಲವು ಹನಿಗಳು ಗಟ್ಟಿಯಾಗಿ ಉಂಡೆಗಳಾಗುತ್ತವೆ. ಟಾರ್ ಬಾಲ್ ಎಂದೇ ಹೆಸರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವು 100ರಿಂದ 300 ನ್ಯಾನೋಮೀಟರಿನ ನುಣುಪಾದ ಗೋಳಗಳು. ಒಳಗೆ ಹಾಳೆಗಳ ಸುತ್ತು ಇಲ್ಲ, ಗಾಜಿನ ಹಾಗೆ ಒಂದೇ ಸಮ. ಸರಪಳಿಯೂ ಕಟ್ಟುವುದಿಲ್ಲ, ಒಂಟೊಂಟಿ. ಮಸಿ ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತದೆ, ಅದಕ್ಕೇ ಕಪ್ಪು. ಟಾರಿನ ಪದಾರ್ಥ ನೀಲಿಯನ್ನೂ ನೇರಳೆಯಾಚೆಯ ಬೆಳಕನ್ನೂ ಹೆಚ್ಚು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ, ಅದಕ್ಕೇ ಕಂದು. ನಿಮ್ಮ ಬಚ್ಚಲ ಗೋಡೆಯ ಜಿಡ್ಡಿನಲ್ಲಿ ಎರಡೂ ಕಲೆತಿವೆ.

ಬಿಡಿ ಮಸಿಗೆ ನೀರು ಹಿಡಿಸುವುದಿಲ್ಲ, ಆದರೆ ಗಾಳಿಯಲ್ಲಿ ದಿನ ಕಳೆದಂತೆ ಸಲ್ಫೇಟು, ಸಾವಯವ ಆವಿ ಅದರ ಮೇಲೆ ಲೇಪವಾಗುತ್ತದೆ. ನಮ್ಮ ಕರಾವಳಿಯಂತಹ ತೇವದ ಗಾಳಿಯಲ್ಲಿ ಲೇಪ ನೀರು ಎಳೆದುಕೊಂಡು, ನೀರಿನ ಬಿಗಿತಕ್ಕೆ ಗೊಂಚಲಿನ ಕೈಕಾಲುಗಳೆಲ್ಲ ಒಳಗೆ ಮಡಚಿ ಗಟ್ಟಿ ಮುದ್ದೆಯಾಗುತ್ತದೆ. ಅದರಿಂದಲೇ ಒಂದು ಕಣದ ಆಕಾರ ನೋಡಿ ಇದು ಈಗಷ್ಟೇ ಹುಟ್ಟಿದ್ದೋ ದೂರದಿಂದ ಬಂದದ್ದೋ ಎಂದು ಅಂದಾಜು ಮಾಡುವುದು. ಕಾರವಾರದ ಚಳಿಗಾಲದ ಗಾಳಿಯನ್ನು ಸೋಸಿ ನೋಡಿದರೆ ಬೋಟಿನ ಬಿಡಿ ಗೊಂಚಲೂ ಸಿಗಬಹುದು, ಯಾವುದೋ ದೂರದ ಊರಿನ ಮುದ್ದೆಯೂ ಸಿಗಬಹುದು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ಇಂಡೋಎಕ್ಸ್ ಪ್ರಯೋಗದಲ್ಲಿ ನಮ್ಮ ಉಪಖಂಡದ ಹೊಗೆ ಚಳಿಗಾಲದ ಗಾಳಿಯ ಜೊತೆ ಅರಬ್ಬಿ ಸಮುದ್ರವನ್ನೂ ದಾಟಿ ಮಾಲ್ಡೀವ್ಸ್‌ವರೆಗೆ ಹರಡಿದ್ದು ದಾಖಲಾಗಿದೆ. ಘಟ್ಟದ ಮೇಲಿನವರೂ ಕೆಳಗಿನವರೂ ಜಗಳ ಆಡುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಲ್ಲಾಪುರದ ಮಾವ

ನಾನು ಆಡಿದ್ದು ಜಗಳವಲ್ಲ. ಬೈತಖೋಲದವರಿಗೆ ಉಪ್ಪುನೀರು ಕುಡಿದು ನಾಲಿಗೆ ಖಾರವಾಗಿದೆ.

ಅಘನಾಶಿನಿ

ಎಲ್ಲರೂ ಎಲ್ಲಿಂದ ಬಂತು ಎನ್ನುತ್ತಿದ್ದೀರಿ, ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಆಸ್ಪತ್ರೆಯ ಉಸಿರಾಟದ ವಿಭಾಗದಲ್ಲಿ ದಾದಿಯಾಗಿದ್ದೇನೆ. ಟಯರ್ ಚೂರು, ರಸ್ತೆಯ ಧೂಳು ಹೆಚ್ಚಾಗಿ ಮೂಗು ಗಂಟಲಲ್ಲೇ ನಿಂತು ಸಿಂಬಳ ಕಫದಲ್ಲಿ ಹೋಗುತ್ತವೆ. ಕಣ್ಣಿಗೆ ಕಾಣದ ಮಸಿ ಮಾತ್ರ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಹೋಗುತ್ತದೆ. ಗಾಳಿಪಟ ಅವರು ಹೇಳಿದ ಗೋಳಗಳು ಅಷ್ಟು ಚಿಕ್ಕವಾಗಿರುವುದರಿಂದ ಒಂದು ಗ್ರಾಂ ಮಸಿಯ ಹೊರಮೈಯನ್ನು ಬಿಡಿಸಿ ಹಾಸಿದರೆ ಸುಮಾರು 100 ಚದರ ಮೀಟರ್. ಆ ಮೈಗೆಲ್ಲ ಬೆಂಜೋಪೈರೀನ್‌ನಂತಹ ಕ್ಯಾನ್ಸರ್ ತರುವ ಪದಾರ್ಥಗಳು ಅಂಟಿಕೊಂಡು ಒಳಗೆ ಹೋಗುತ್ತವೆ. ಲಂಡನ್ನಿನ ಚಿಮಣಿ ಗುಡಿಸುವ ಹುಡುಗರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದ್ದು 2012ರಲ್ಲಿ.

ಇನ್ನೊಂದು ಸಂಗತಿ. ಪಿಎಂ 2.5, ಅಂದರೆ ಗಾಳಿಯಲ್ಲಿರುವ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳ ಲೆಕ್ಕ, ಎನ್ನುವುದು ತೂಕದ ಅಳತೆ. ವರ್ಷದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ತಕ್ಕಡಿಗೆ ಕಡಲಿನ ಉಪ್ಪೂ ಒಂದೇ, ಮಸಿಯೂ ಒಂದೇ. ಕರಾವಳಿಯ ಅಂಕಿ ಓದುವಾಗ ಇದು ನೆನಪಿರಲಿ.

ಕರಿಈಶಾಡು

ಮಾಸ್ಕ್ ಹಾಕಿದರೂ ಪ್ರಯೋಜನ ಇಲ್ಲ ಬಿಡಿ. ಎನ್ 95ರ ತೂತೇ ಮೈಕ್ರಾನುಗಟ್ಟಲೆ ದೊಡ್ಡದು, 30 ನ್ಯಾನೋಮೀಟರ್ ಅದರಲ್ಲಿ ಮೆರವಣಿಗೆ ಹೋಗುತ್ತದೆ.

ಗಾಳಿಪಟ

ಇಲ್ಲ, ಅದು ಜರಡಿಯಲ್ಲ. ಸಣ್ಣ ಕಣ ನೇರವಾಗಿ ಹೋಗುವುದಿಲ್ಲ, ಅಣುಗಳ ಏಟಿಗೆ ಓಲಾಡುತ್ತ ಹೋಗಿ ಯಾವುದೋ ನಾರಿಗೆ ತಾಗಿ ಅಂಟುತ್ತದೆ. ಹೆಚ್ಚು ತಪ್ಪಿಸಿಕೊಳ್ಳುವುದು 300 ನ್ಯಾನೋಮೀಟರಿನ ಆಸುಪಾಸಿನವು. ಓಲಾಡಲು ದೊಡ್ಡವು, ಡಿಕ್ಕಿ ಹೊಡೆಯಲು ಚಿಕ್ಕವು. ಅದಕ್ಕೇ ಪರೀಕ್ಷೆಯನ್ನು ಆ ಗಾತ್ರದಲ್ಲೇ ಮಾಡುವುದು. ನಿಮ್ಮ ಶ್ವಾಸಕೋಶದ ಕಥೆಯೂ ಇದೇ: 300ರದ್ದು ಹೆಚ್ಚಿನಂಶ ಉಸಿರಿನ ಜೊತೆ ವಾಪಸ್ಸು ಬರುತ್ತದೆ, 20ರದ್ದು ಒಳಗೇ ಉಳಿಯುತ್ತದೆ. ಮುಖಕ್ಕೆ ಟವಲು ಕಟ್ಟಿಕೊಳ್ಳುವುದರಿಂದ ಮಾತ್ರ ಸಮಾಧಾನವಷ್ಟೇ ಸಿಗುತ್ತದೆ.

ದೇವಿಮನೆ ತಿರುವು

ಬಾಡಿಗೆ ಕಾರು ಓಡಿಸುತ್ತೇನೆ, ಹೊಸ ಹೊಗೆ ನಿಯಮದ ಬಿಎಸ್ 6 ಡೀಸೆಲ್. ಸೈಲೆನ್ಸರಿನೊಳಗೆ ಬಿಳಿ ಕರ್ಚೀಫು ಹಾಕಿ ಒರೆಸಿದರೂ ಕಪ್ಪಾಗುವುದಿಲ್ಲ. ಆದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿತೆಂದರೆ ಹೊಟ್ಟೆ ಉರಿಯುತ್ತದೆ. ಶಿರಸಿ ಪೇಟೆಯೊಳಗೇ ಸುತ್ತುವವರಿಗೆ ಅದು ಹತ್ತುತ್ತಲೇ ಇರುತ್ತದೆ. ಒಬ್ಬ ಮೆಕ್ಯಾನಿಕ್ ಅದನ್ನು ಕಿತ್ತೇ ಹಾಕೋಣ ಎನ್ನುತ್ತಿದ್ದಾನೆ.

ಬೈತಖೋಲ ಎಂಜಿನ್

ಕೀಳಿಸಬೇಡ ತಮ್ಮ. ಪಿಂಗಾಣಿಯ ಸಣ್ಣ ಸಣ್ಣ ಕೊಳವೆ, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯನ್ನೇ ಸೋಸಿಕೊಂಡು ಹೊರಗೆ ಹೋಗಬೇಕು. ಹಿಡಿದ ಮಸಿಯನ್ನು 600 ಡಿಗ್ರಿ ಹತ್ತಿರ ಕಾಯಿಸಿ ಅದೇ ಸುಟ್ಟುಕೊಳ್ಳುತ್ತದೆ. ಪೇಟೆಯಲ್ಲಿ ನಿಧಾನ ಓಡಿಸಿದರೆ ಆ ಕಾವು ಏರುವುದಿಲ್ಲ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಎಳೆದು ಓಡಿಸು. ಕಿತ್ತುಹಾಕುವುದು ಕಾನೂನಿಗೂ ವಿರುದ್ಧ.

ಗಾಳಿಪಟ

ನಿಜ. ಏಪ್ರಿಲ್ 2020ರಿಂದ ಬಂದ ನಿಯಮದಲ್ಲಿ ಡೀಸೆಲ್ ಕಾರಿಗೆ ಮಸಿಯ ತೂಕದ ಜೊತೆ ಎಣಿಕೆಗೂ ಮಿತಿ ಇದೆ, ಕಿಲೋಮೀಟರಿಗೆ 60 ಸಾವಿರ ಕೋಟಿ ಕಣ.

ಕರಿಈಶಾಡು

ಸಾವಿರ ಕೋಟಿಯ ಲೆಕ್ಕ ಬರೀ ಹಗರಣಗಳಲ್ಲಿ ಕೇಳಿದ್ದೆ.

ಬಡಗುತಿಟ್ಟು

ವಿಷಯಾಂತರಕ್ಕೆ ಕ್ಷಮೆ ಇರಲಿ. ಹಳದಿ ಬೆಳಕೇ ಮಸಿಯ ಬೆಳಕು ಎಂದಿರಿ. ಹಾಗಿದ್ದರೆ ಹಿಂದೆ ದೊಂದಿ ಹಿಡಿದು ಆಡುತ್ತಿದ್ದ ಯಕ್ಷಗಾನವೆಲ್ಲ ಮಸಿಯ ಬೆಳಕಿನಲ್ಲೇ ನಡೆದದ್ದೇ? ವೇಷದ ಕಣ್ಣಿಗೆ ಬರೆಯುವ ಕಾಡಿಗೆಯೂ ಮಸಿಯೇ ಅಲ್ಲವೇ?

ಕುಮಟೆ ಮೇಷ್ಟ್ರು

ಹೌದು, ಎರಡೂ. ಆಮೇಲೆ ಬಂದ ಪೆಟ್ರೋಮ್ಯಾಕ್ಸ್ ಬೇರೆ. ಅದರಲ್ಲಿ ಬೆಳಗುವುದು ಮ್ಯಾಂಟಲಿನ ಥೋರಿಯಂ ಆಕ್ಸೈಡ್, ಮಸಿ ಬಂದರೆ ಮ್ಯಾಂಟಲ್ ಕೆಟ್ಟಿತೆಂದೇ ಅರ್ಥ. ಬತ್ತಿಯ ಚಿಮಣಿ ಬುಡ್ಡಿಯಲ್ಲಿ ಉರಿದ ಸೀಮೆಎಣ್ಣೆಯ ತೂಕದ ನೂರಕ್ಕೆ 7ರಿಂದ 9 ಪಾಲು ಮಸಿಯಾಗಿಯೇ ಹೊರಬರುತ್ತದೆ. ಅದರಡಿ ಓದಿ ಬೆಳಗಾಗೆದ್ದು ಮೂಗು ಸೀನಿದವರಿಗೆ ಲೆಕ್ಕ ಬೇರೆ ಬೇಡ.

ಹಾಳೆಟೊಪ್ಪಿ

ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಹಿಡಿದ ಕಾಡಿಗೆಯನ್ನು ಬೋಟಿನ ಹೊಗೆಗೆ ಹೋಲಿಸಿದರೆ ಅಮ್ಮ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ.

ಗಾಳಿಪಟ

ರಚನೆ ಒಂದೇ: ಅದೇ ಗೋಳ, ಅದೇ ಗೊಂಚಲು. ಅಮ್ಮನ ಕಾಡಿಗೆಯಲ್ಲಿ ಎಂಜಿನ್ ಆಯಿಲಿನ ಲೋಹ, ಡೀಸೆಲ್ಲಿನ ಗಂಧಕ ಇಲ್ಲ ಎಂದು ಹೇಳಿ, ಊಟ ಹಾಕುತ್ತಾರೆ.

ಅಘನಾಶಿನಿ

ಊಟ ಹಾಕಲಿ. ಹಸುಗೂಸಿನ ಕಣ್ಣಿಗೆ ಮಾತ್ರ ಯಾವ ಕಾಡಿಗೆಯೂ ಬೇಡ.

ಕೋಡಿಬಾಗದವ

ಅರ್ಜಿಯನ್ನು ಸದ್ಯಕ್ಕೆ ಎತ್ತಿಟ್ಟಿದ್ದೇನೆ. ಮಗಳು ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡುತ್ತೇನೆ ಎನ್ನುತ್ತಿದ್ದಾಳೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದೆ ಏನಾದರೂ ಮಾಡಬಹುದೇ?

ಗಾಳಿಪಟ

ಧಾರಾಳವಾಗಿ. ಗಾಜಿನ ಸ್ಲೈಡಿಗೆ ತೆಳುವಾಗಿ ವ್ಯಾಸಲೀನ್ ಸವರಿ ತೆಂಗಿನ ಕೆಳಗೆ, ಹೆದ್ದಾರಿಯ ಬದಿಗೆ, ಕಡಲಿನ ಕಡೆಗೆ ಒಂದೊಂದು ಇಡಲಿ. ಬೂಷ್ಟು, ಟಯರು, ಮಣ್ಣು, ಉಪ್ಪಿನ ಚೌಕ ಹರಳು, ನಾಲ್ಕನ್ನೂ ಎಣಿಸಬಹುದು. ಬಿಡಿ ಮಸಿಗೆ ಅದು ಸಾಲದು. ಬಿಳಿ ಸೋಸುಕಾಗದದ ಮೂಲಕ ಸಣ್ಣ ಪಂಪಿನಿಂದ ಗಂಟೆಗಟ್ಟಲೆ ಗಾಳಿ ಎಳೆದು, ಕಾಗದ ಎಷ್ಟು ಕಪ್ಪಾಯಿತೆಂದು ಒಂದೇ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು ಹೋಲಿಸಲಿ. ಮೀನಿನ ತೊಟ್ಟಿಯ ಪಂಪ್ ಹೀರುವ ಕಡೆಗೆ ಕೊಳವೆ ಜೋಡಿಸಿದರೂ ಆದೀತು. ಕಣದ ಆಕಾರ ತಿಳಿಯುವುದಿಲ್ಲ, ಪ್ರಮಾಣದ ಅಂದಾಜು ಸಿಗುತ್ತದೆ.

ಬೈತಖೋಲ ಎಂಜಿನ್

ಪಂಪ್ ಹಿಡಿದುಕೊಂಡು ನಮ್ಮ ಧಕ್ಕೆಗೂ ಬರಲಿ. ನಾಜಲ್ ಬದಲಿಸಿದ ಬೋಟು, ಬದಲಿಸದ ಬೋಟು ಎರಡರ ಹೊಗೆಯನ್ನೂ ಹಿಡಿಸಿಕೊಡುತ್ತೇನೆ, ಕಾಗದ ನೋಡಿದರೆ ಮಾಲೀಕರಿಗೂ ಬುದ್ಧಿ ಬರಲಿ. ಮೀನು ಇಳಿಸುವ ಹೊತ್ತು ಬಿಟ್ಟು ಬನ್ನಿ, ಆಗ ನನಗೆ ಮಾತನಾಡಲೂ ಪುರುಸೊತ್ತಿರುವುದಿಲ್ಲ.

ಯಲ್ಲಾಪುರದ ಮಾವ

ಘಟ್ಟದ ಮೇಲೂ ಒಂದು ಕಾಗದ ಹಿಡಿಯಲಿ. ನಮ್ಮ ಮನೆಯಲ್ಲಿ ಉಳಿದುಕೊಳ್ಳಬಹುದು, ಬಚ್ಚಲ ಒಲೆ ಹೊತ್ತಿಸುವ ಮೊದಲೇ ಹಿಡಿಯಬೇಕು, ಅಷ್ಟೇ.

ಬೈತಖೋಲ ಎಂಜಿನ್

ಹೊತ್ತಿಸಿದ ಮೇಲೂ ಒಂದು ಹಿಡಿಯಲಿ ಮಾವ.